ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು "ಏನು ಕೆಲಸ ಮಾಡ್ಕೊಂಡಿದೀರಿ?" ಅಂತ ಕೇಳಿದರೆ ನಾನು "ಸಾಫ್ಟ್‌ವೇರ್" ಅಂತ ಹೇಳಿ ಪಾಯಸದ ಕಡೆ ಗಮನ ಕೊಡ್ತೀನಿ. ಅಲ್ಲಿಗೆ ಬಿಟ್ಟರೆ ಪುಣ್ಯ. ಕೆಲವರು ಬಿಡೋದಿಲ್ಲ. "ಸಾಫ್ಟ್‌ವೇರಲ್ಲಿ ಏನು?" ಅಂತ ಮುಂದುವರಿಸ್ತಾರೆ. "ಡ್ರೈವರ್ ಬರೀತೀನಿ" ಅಂದರೆ ಒಂದು ಕ್ಷಣ ಸುಮ್ಮನಾಗಿ, "ಓಹೋ, ಕಂಪನಿ ಕಾರೋ, ಬಸ್ಸೋ?" ಅಂತಾರೆ. ನಾನೂ ವಿವರಿಸೋಕೆ ಹೋಗಲ್ಲ. ಯೋಚನೆ ಮಾಡಿದರೆ ದೊಡ್ಡ ವ್ಯತ್ಯಾಸವೂ ಇಲ್ಲ ಬಿಡಿ. ಬಸ್ ಡ್ರೈವರಾಗಲಿ ನೆಟ್‌ವರ್ಕ್ ಡ್ರೈವರಾಗಲಿ, ಎಲ್ಲ ಸರಿಯಾಗಿ ನಡೆಯುವಾಗ ಯಾರ ಕಣ್ಣಿಗೂ ಬೀಳೋದಿಲ್ಲ. ಗಾಡಿ ನಿಂತರೆ ಮಾತ್ರ ಎಲ್ಲರೂ ಅವನ ಮುಖ ನೋಡ್ತಾರೆ :-)

ಇವತ್ತು ಬರೆಯಬೇಕು ಅಂದುಕೊಂಡಿರೋದು ಆ "ಮುಖ ನೋಡುವ" ವಿಷಯವನ್ನೇ. ಸ್ವಲ್ಪ ತಾಂತ್ರಿಕ ವಿಷಯ, ಆದರೆ ಹೆದರಬೇಡಿ, ನಿಧಾನವಾಗಿ ಹೋಗೋಣ.

ನಿಮ್ಮ ಕಂಪ್ಯೂಟರಿನಲ್ಲಿ ಬ್ರೌಸರ್ ಇದೆ, ಹಾಡು ಕೇಳುವ ತಂತ್ರಾಂಶ ಇದೆ, ಬರಹ ಇದೆ, ನುಡಿ ಇದೆ. ಇವೆಲ್ಲ ಬಾಡಿಗೆ ಮನೆಗಳಿದ್ದ ಹಾಗೆ. ಒಂದೊಂದಕ್ಕೂ ಅದರದ್ದೇ ಬಾಗಿಲು, ಅದರದ್ದೇ ಬೀಗ. ಹಾಡಿನ ತಂತ್ರಾಂಶ ತಲೆಕೆಟ್ಟು ತನ್ನ ಜಾಗ ಬಿಟ್ಟು ಬೇರೆ ಕಡೆ ಬರೆಯೋಕೆ ಹೋದರೆ ಆಪರೇಟಿಂಗ್ ಸಿಸ್ಟಂ ಅದನ್ನು ಅಲ್ಲೇ ಮುಗಿಸತ್ತೆ. ಪಕ್ಕದ ಮನೆಯವರಿಗೆ ಗೊತ್ತೂ ಆಗೋದಿಲ್ಲ.

ಆದರೆ ಈ ಬಾಡಿಗೆದಾರರನ್ನೆಲ್ಲ ನೋಡಿಕೊಳ್ಳುವ ಕರ್ನಲ್ ಇದೆಯಲ್ಲ, ಅದು ಹಾಗಲ್ಲ. ಅದು ನಮ್ಮ ಹಳೇ ಕಾಲದ ತೊಟ್ಟಿ ಮನೆ. ಲಿನಕ್ಸ್‌ನಂಥ ಕರ್ನಲ್‌ನಲ್ಲಿ ನೆಟ್‌ವರ್ಕ್ ಡ್ರೈವರ್, ಡಿಸ್ಕ್ ಡ್ರೈವರ್, ಫೈಲ್ ಸಿಸ್ಟಂ ಎಲ್ಲ ಒಂದೇ ಸೂರಿನ ಅಡಿಯಲ್ಲಿ, ಒಂದೇ ಮೆಮೊರಿಯಲ್ಲಿ ಇರುತ್ತವೆ. ಕೋಣೆಗಳಿವೆ, ಆದರೆ ಬಾಗಿಲುಗಳಿಗೆ ಚಿಲಕ ಇಲ್ಲ. ದೊಡ್ಡಪ್ಪನ ಮಗ ಕತ್ತಲಲ್ಲಿ ಎಡವಿದರೆ ಅಜ್ಜಿಯ ಉಪ್ಪಿನಕಾಯಿ ಭರಣಿ ಒಡೆಯಬಹುದು. ಬೆಳಿಗ್ಗೆ ಭರಣಿ ಒಡೆದಿರುವುದಷ್ಟೇ ಕಾಣತ್ತೆ. ಎಡವಿದವನು ಎದ್ದು ಹೋಗಿ ಮಲಗಿರುತ್ತಾನೆ. ಬೈಗುಳ ಮಾತ್ರ ಅಡುಗೆಮನೆಯಲ್ಲಿ ಇದ್ದವರಿಗೆ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ 2008ರದ್ದು.

ಆ ವರ್ಷ ಜುಲೈ ಕೊನೆಯಲ್ಲಿ ಲಿನಕ್ಸ್ 2.6.27ರ ಮೊದಲ ಪರೀಕ್ಷಾ ಆವೃತ್ತಿ ಬಂತು. ಸ್ವಲ್ಪ ದಿನಕ್ಕೆ ಅಲ್ಲಲ್ಲಿ ದೂರುಗಳು ಶುರುವಾದವು. ಇಂಟೆಲ್ಲಿನ ಕೆಲವು ನೆಟ್‌ವರ್ಕ್ ಚಿಪ್‌ಗಳು ಇದ್ದಕ್ಕಿದ್ದಂತೆ ಸಾಯುತ್ತಿದ್ದವು. ಸಾಯುವುದು ಅಂದರೆ ರೀಸ್ಟಾರ್ಟ್ ಮಾಡಿದರೆ ಬದುಕುವಂಥ ಸಾವಲ್ಲ. ಆ ಚಿಪ್ಪಿಗೆ ಕರೆಂಟ್ ಹೋದರೂ ಅಳಿಯದ ಒಂದು ಪುಟ್ಟ ನೆನಪಿನ ಜಾಗ ಇರುತ್ತದೆ, ಎನ್‌ವಿಎಂ ಅಂತಾರೆ. ಅದರ ವಿಳಾಸ, ಅದು ಹೇಗೆ ಶುರುವಾಗಬೇಕು ಅನ್ನುವ ವಿವರ ಎಲ್ಲ ಅಲ್ಲಿರತ್ತೆ. ಅದೇ ಹಾಳಾಗುತ್ತಿತ್ತು! ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದರೂ ಪ್ರಯೋಜನ ಇಲ್ಲ. ಮೊದಲೇ ಎತ್‌ಟೂಲ್ ಅನ್ನುವ ಸಲಕರಣೆಯಿಂದ ಅದರ ಒಂದು ನಕಲು ತೆಗೆದಿಟ್ಟುಕೊಂಡಿದ್ದವರು ಮತ್ತೆ ಬರೆದು ಬದುಕಿಸಬಹುದಿತ್ತು. ಆದರೆ ನೆಟ್‌ವರ್ಕ್ ಕಾರ್ಡಿನ ಜಾತಕ ಬರೆದಿಟ್ಟುಕೊಳ್ಳುವವರು ಎಷ್ಟು ಜನ ಇರ್ತಾರೆ ಹೇಳಿ?

ಆ ಚಿಪ್ಪಿನ ಡ್ರೈವರಿನ ಹೆಸರು ಇ1000ಇ. ಅನುಮಾನ ಯಾರ ಮೇಲೆ? ಅದರ ಮೇಲೆಯೇ! ಹಾಳಾಗಿದ್ದು ಅದರ ಕಾರ್ಡು, ಆ ಕಾರ್ಡನ್ನು ಮುಟ್ಟುವ ಅಧಿಕಾರ ಇರುವುದು ಅದೊಂದಕ್ಕೆ. ಇನ್ನೇನು ಸಾಕ್ಷಿ ಬೇಕು? ಉಬುಂಟುವಿನವರು ತಮ್ಮ ಪರೀಕ್ಷಾ ಆವೃತ್ತಿಯಲ್ಲಿ ಆ ಡ್ರೈವರನ್ನೇ ಬಂದ್ ಮಾಡಿದರು. ಫೆಡೋರಾ, ಓಪನ್‌ಸೂಸೆ, ಮಾಂಡ್ರಿವಾಗಳ ಪರೀಕ್ಷಾ ಆವೃತ್ತಿಗಳಿಗೂ ಇದೇ ಗತಿ. ಈ ಬಗ್ಗನ್ನು ಹಿಡಿಯೋದು ಎಷ್ಟು ಕಷ್ಟ ಅಂತ ಯೋಚಿಸಿ. ಸಾಮಾನ್ಯ ಬಗ್ ಆದರೆ ನೂರು ಸಲ ಬೀಳಿಸಿ, ನೂರು ಸಲ ಎಬ್ಬಿಸಿ ನೋಡಬಹುದು. ಇಲ್ಲಿ ಪ್ರತಿ ಸಲ ಬಗ್ ಕಾಣಿಸಿಕೊಂಡಾಗಲೂ ಒಂದು ಕಾರ್ಡು ಹೋಗತ್ತೆ.

ಡ್ರೈವರಿನ ಸಾಲು ಸಾಲನ್ನೂ ಜನ ಜಾಲಾಡಿದರು. ಹುಡುಕಿದಾಗ ತಪ್ಪುಗಳೂ ಸಿಕ್ಕವು! ಎನ್‌ವಿಎಂ ಮುಟ್ಟುವಾಗ ಇಬ್ಬರು ಒಟ್ಟಿಗೆ ಒಳಗೆ ಬರುವ ಸಾಧ್ಯತೆ ಇತ್ತು, ಅದನ್ನು ಸರಿಮಾಡಿದರು. ಆದರೆ ಅದಾವುದೂ ನಿಜವಾದ ಕಾರಣ ಅಲ್ಲ. ಇಂಟೆಲ್ಲಿನ ಎಂಜಿನಿಯರುಗಳು ಆಗ ಒಂದು ಜಾಣತನದ ಕೆಲಸ ಮಾಡಿದರು. ಕಳ್ಳ ಯಾರು ಅಂತ ಆಮೇಲೆ ನೋಡೋಣ, ಮೊದಲು ತಿಜೋರಿಗೆ ಬೀಗ ಹಾಕೋಣ ಅಂತ, ಎನ್‌ವಿಎಂಗೆ ಯಾರೂ ಬರೆಯಲಾಗದ ಹಾಗೆ ಡ್ರೈವರೇ ಬೀಗ ಹಾಕುವ ವ್ಯವಸ್ಥೆ ಮಾಡಿದರು. ಅಕ್ಟೋಬರ್ 9ರಂದು 2.6.27 ಆ ಬೀಗದ ಜೊತೆಗೇ ಬಿಡುಗಡೆ ಆಯಿತು.

ಕಳ್ಳ ಸಿಕ್ಕಿದ್ದು ಪೂರ್ತಿ ಬೇರೆ ಕೋಣೆಯಲ್ಲಿ. ಅದರ ಹೆಸರು ಎಫ್‌ಟ್ರೇಸ್.

ಎಫ್‌ಟ್ರೇಸ್‌ಗೂ ನೆಟ್‌ವರ್ಕಿಗೂ ಸಂಬಂಧವೇ ಇಲ್ಲ. ಕರ್ನಲ್ ಒಳಗೆ ಯಾವ ಫಂಕ್ಷನ್ ಯಾವಾಗ ಓಡುತ್ತಿದೆ ಅಂತ ತೋರಿಸುವ ಸಲಕರಣೆ ಅದು. ತಮಾಷೆ ಏನು ಗೊತ್ತಾ? ಅದು ಇರುವುದೇ ಡಿಬಗ್ ಮಾಡುವವರಿಗೆ ಸಹಾಯ ಆಗಲಿ ಅಂತ! ಪ್ರತಿ ಫಂಕ್ಷನ್ನಿನ ಬಾಗಿಲಲ್ಲಿ ಒಂದು ಕರೆಗಂಟೆ ಕಟ್ಟಿರತ್ತೆ. ಬೇಡದಿದ್ದಾಗ ಆ ಗಂಟೆ ಬಾರಿಸುತ್ತಾ ಕೂತರೆ ಇಡೀ ಯಂತ್ರ ನಿಧಾನ ಆಗತ್ತಲ್ಲ, ಅದಕ್ಕೆ ಒಬ್ಬ ಆಳು ಸೆಕೆಂಡಿಗೊಮ್ಮೆ ಎದ್ದು, ಹೊಸದಾಗಿ ಬಾರಿಸಿದ ಗಂಟೆಗಳ ಪಟ್ಟಿ ಹಿಡಿದುಕೊಂಡು ಹೋಗಿ, ಗಂಟೆ ಬಿಚ್ಚಿ ಅಲ್ಲಿ ಏನೂ ಮಾಡದ ಒಂದು ಸೂಚನೆ ಬರೆದು ಬರುತ್ತಿದ್ದ.

ಈಗ ನೋಡಿ ಎಡವಟ್ಟು. ಒಂದು ಮಾಡ್ಯೂಲ್ ಕರ್ನಲ್‌ಗೆ ಬಂದು ಸೇರುವಾಗ, ಶುರುವಿನಲ್ಲಿ ಒಮ್ಮೆ ಮಾತ್ರ ಓಡುವ ಫಂಕ್ಷನ್‌ಗಳು ಇರುತ್ತವೆ. ಕೆಲಸ ಆದ ಮೇಲೆ ಅವುಗಳ ಜಾಗ ಖಾಲಿ ಮಾಡಿ ಬೇರೆಯವರಿಗೆ ಕೊಡ್ತಾರೆ. ಆ ಕಾಲದ 32 ಬಿಟ್ ಕರ್ನಲ್‌ನಲ್ಲಿ ಆ ವಿಳಾಸ ಯಾರಿಗಾದರೂ ಹೋಗಬಹುದು. ಯಾವುದೋ ಕಾರ್ಡಿನ ಭಾಗಗಳನ್ನು ಮೆಮೊರಿ ವಿಳಾಸಕ್ಕೆ ಹೊಂದಿಸಿಕೊಳ್ಳುವಾಗಲೂ ಅದೇ ವಿಳಾಸ ಸಿಗಬಹುದು. ಹಾಗೆ ಖಾಲಿಯಾದ ಜಾಗಕ್ಕೆ ಒಮ್ಮೊಮ್ಮೆ ಇ1000ಇ ಬಂದು ಕೂರುತ್ತಿತ್ತು, ತನ್ನ ಎನ್‌ವಿಎಂ ಜೊತೆಗೆ. ನಮ್ಮ ಆಳಿನ ಪಟ್ಟಿಯಲ್ಲಿ ಮಾತ್ರ ಹಳೇ ವಿಳಾಸವೇ ಇದೆ. ಅವನು ಹೋಗಿ ಕದ ತಟ್ಟಿದ.

ಅವನೇನೂ ಬೇಜವಾಬ್ದಾರಿಯವನಲ್ಲ. ಸೀದಾ ಬರೆಯುತ್ತಿರಲಿಲ್ಲ. "ಇಲ್ಲಿ ನನ್ನ ಗಂಟೆಯೇ ಇದೆಯಾ? ಇದ್ದರೆ ಮಾತ್ರ ಬದಲಾಯಿಸು" ಅನ್ನುವ ಒಂದೇ ಸೂಚನೆ ಬಳಸುತ್ತಿದ್ದ. ಆದರೆ ಎಕ್ಸ್86 ಪ್ರೊಸೆಸರಿನ ಆ ಸೂಚನೆಗೆ ಒಂದು ಗುಣ ಇದೆ. ಹೋಲಿಕೆ ಆಗದಿದ್ದರೂ ಅದು ಇದ್ದ ಬೆಲೆಯನ್ನೇ ಮತ್ತೆ ಅಲ್ಲಿಗೆ ಬರೆಯತ್ತೆ. ಮಾಮೂಲಿ ಮೆಮೊರಿಗೆ ಇದರಿಂದ ಏನೂ ಆಗೋದಿಲ್ಲ. ಐದು ಇದ್ದಲ್ಲಿ ಮತ್ತೆ ಐದು ಬರೆದರೆ ಐದೇ ಅಲ್ವಾ? ಆದರೆ ಯಂತ್ರದ ರಿಜಿಸ್ಟರ್ ಮೆಮೊರಿ ಅಲ್ಲ. ಅಲ್ಲಿ ಬರೆಯುವುದೇ ಒಂದು ಆಜ್ಞೆ. ಕಾರ್ಡು ಆ ಆಜ್ಞೆಯನ್ನು ಪಾಲಿಸಿ ತನ್ನ ಜಾತಕವನ್ನೇ ಅಳಿಸಿಕೊಂಡಿತು.

ಅಕ್ಟೋಬರ್ 15ರ 2.6.27.1ರಲ್ಲಿ ಎಫ್‌ಟ್ರೇಸ್‌ನ ಈ ಓಡುತ್ತಾ ಬದಲಾಯಿಸುವ ಭಾಗವನ್ನೇ ಬಂದ್ ಮಾಡಿದರು. ಡಿಸೆಂಬರಿನ 2.6.28ಕ್ಕೆ ಅದನ್ನು ಹೊಸದಾಗಿ ಕಟ್ಟಿದರು. ಗಂಟೆಗಳ ಪಟ್ಟಿಯನ್ನು ಕಂಪೈಲ್ ಮಾಡುವಾಗಲೇ ತಯಾರಿಸಿಕೊಳ್ಳೋದು, ಸೆಕೆಂಡಿಗೊಮ್ಮೆ ಏಳುವ ಆಳೇ ಬೇಡ ಅಂತ. ಎಫ್‌ಟ್ರೇಸ್ ಬರೆದ ಸ್ಟೀವನ್ ರೋಸ್ಟೆಡ್ಟ್ ಇದನ್ನೇನೂ ಮುಚ್ಚಿಡಲಿಲ್ಲ. ಆಮೇಲೆ ತಮ್ಮ ಭಾಷಣದಲ್ಲಿ ತಾವೇ ಈ ಕತೆ ಹೇಳಿದ್ದಾರೆ. ನನಗೆ ಇಡೀ ಪ್ರಕರಣದಲ್ಲಿ ಬಹಳ ಇಷ್ಟವಾದದ್ದು ಅದು.

ಇದೆಲ್ಲ ಓದಿ ತಿಳಿದ ಕತೆ. ನನ್ನ ಕಣ್ಣೆದುರೇ ಇಂಥದ್ದೊಂದು ನಡೆದದ್ದು ಮೂರು ವರ್ಷದ ಮೇಲೆ, 2011ರಲ್ಲಿ, ಬೆಂಗಳೂರಿನಲ್ಲಿ ಆಗ ನಾನಿದ್ದ ಕಂಪನಿಯಲ್ಲಿ. ಕಂಪನಿಯ ಹೆಸರು ಬೇಡ ಬಿಡಿ.

ಎಆರ್‌ಎಂ ಪ್ರೊಸೆಸರಿನ ಒಂದು ಪುಟ್ಟ ಪೆಟ್ಟಿಗೆ ಮಾಡುತ್ತಿದ್ದೆವು. ಅದರ ನೆಟ್‌ವರ್ಕ್ ಡ್ರೈವರ್ ಬರೆದವನು ಹಾಸನದ ಕಡೆಯ ಒಬ್ಬ ಹುಡುಗ. ಕೆಲಸಕ್ಕೆ ಸೇರಿ ಐದು ತಿಂಗಳು, ಇನ್ನೂ ಖಾಯಂ ಆಗಿರಲಿಲ್ಲ. ಮೀಟಿಂಗಿನಲ್ಲಿ ಇಂಗ್ಲಿಷ್ ತಡವರಿಸುತ್ತಿದ್ದ, ಕೋಡ್ ಮಾತ್ರ ಮುತ್ತಿನ ಹಾಗೆ ಬರೆಯುತ್ತಿದ್ದ. ಪೆಟ್ಟಿಗೆ ಎಂಟು ಹತ್ತು ತಾಸು ಚೆನ್ನಾಗಿ ಓಡಿ, ಆಮೇಲೆ ಇದ್ದಕ್ಕಿದ್ದಂತೆ ಪ್ಯಾಕೆಟ್ ಕಳಿಸೋದು ನಿಲ್ಲಿಸುತ್ತಿತ್ತು. ಲಾಗ್‌ನಲ್ಲಿ ವಾಚ್‌ಡಾಗ್ ಸಂದೇಶ, "ಟ್ರಾನ್ಸ್‌ಮಿಟ್ ಟೈಮ್ಡ್ ಔಟ್". ಡ್ರೈವರ್ ಬರೆದವರೆಲ್ಲರೂ ಒಮ್ಮೆಯಾದರೂ ನೋಡಿ ಶಪಿಸಿರುವ ಸಾಲು ಅದು.

ಮತ್ತೆ ಅದೇ ಕತೆ. ಪ್ಯಾಕೆಟ್ ಹೋಗ್ತಿಲ್ಲ ಅಂದ ಮೇಲೆ ತಪ್ಪು ನೆಟ್‌ವರ್ಕ್ ಡ್ರೈವರಿನದ್ದೇ. ಹಿರಿಯರು ನಾಲ್ಕು ಜನ ಕೂತು ಅವನ ಕೋಡ್ ಓದಿದರು. ಒಂದು ಕಡೆ ಲಾಕ್ ಬಿಟ್ಟುಹೋಗಿತ್ತು, ಸಿಕ್ಕಿತು. "ನೋಡಿ, ಇದೇ!" ಅಂತ ಎಲ್ಲರೂ ಖುಷಿಯಾಗಿ ಮನೆಗೆ ಹೋದರು. ಬೆಳಿಗ್ಗೆ ಬಂದು ನೋಡಿದರೆ ಪೆಟ್ಟಿಗೆ ನಿಂತಿದೆ. ಆದರೆ ಅಷ್ಟರಲ್ಲಿ ಒಂದು ಹೆಸರು ಅಂಟಿಯಾಗಿತ್ತು. ಲಾಕ್ ಮರೆಯುವ ಹುಡುಗ. ದಿನಾ ಬೆಳಗಿನ ಮೀಟಿಂಗಿನಲ್ಲಿ ಅವನೊಬ್ಬನಿಗೇ ಪ್ರಶ್ನೆ, "ಇವತ್ತಾದರೂ ಮುಗಿಯತ್ತಾ?"

ಅವನು ಎರಡು ಮೂರು ಎಣಿಕೆಗಳನ್ನು ಸೇರಿಸಿ, ನಡುವೆ ಪ್ರಿಂಟ್ ಹಾಕಿ ಓಡಿಸಿದ. ಬಗ್ ಮಾಯ! ಎರಡು ದಿನ ಓಡಿದರೂ ಬರಲಿಲ್ಲ. ಮ್ಯಾನೇಜರಿಗೆ ಅಷ್ಟೇ ಸಾಕಾಯಿತು. "ಸರಿಹೋಯ್ತಲ್ಲ, ಹಾಗೇ ಕಳಿಸಿಬಿಡಿ" ಅಂದರು. ಇವನು ಆಗಲ್ಲ ಅಂದ. ಎಲ್ಲರೆದುರು, ತಡವರಿಸುತ್ತಲೇ, ಯಾಕೆ ಸರಿಹೋಯಿತು ಅಂತ ಗೊತ್ತಿಲ್ಲದ ಮೇಲೆ ಅದು ಸರಿಹೋಗಿಲ್ಲ ಅಂದ. ಖಾಯಂ ಆಗದ ಹುಡುಗ ಇಷ್ಟು ಹೇಳೋದು ಸಣ್ಣ ಮಾತಲ್ಲ. ಅವತ್ತು ಸಂಜೆ ಟೀ ಅಂಗಡಿ ಹತ್ತಿರ ನನ್ನ ಬಳಿ ಬಂದು, "ಸಾರ್, ನಾನು ಬರೆದಿರೋದ್ರಲ್ಲೇ ತಪ್ಪಿದೆ ಅಂತ ನಂಗೂ ಅನ್ಸೋಕೆ ಶುರುವಾಗಿದೆ. ಆದ್ರೆ ಎಲ್ಲಿ ಅಂತ ಕಾಣ್ತಾ ಇಲ್ಲ" ಅಂದ. ಊರಿಗೆ ವಾಪಸ್ ಹೋಗುವ ಮಾತೂ ಬಂತು. ನಾನು ಅವನಿಗೆ ಮೇಲಿನ ಇ1000ಇ ಕತೆ ಹೇಳಿದೆ. "ನಾಳೆಯಿಂದ ನಿನ್ನ ಕೋಡ್ ಓದಬೇಡ. ನಿನ್ನ ಅಕ್ಕಪಕ್ಕ ಯಾರಿದಾರೆ ಅಂತ ನೋಡು" ಅಂದೆ.

ಕಳಿಸುವ ಪ್ಯಾಕೆಟ್‌ಗಳಿಗೆ ಅವನ ಡ್ರೈವರಿನಲ್ಲಿ 64 ಗೂಡುಗಳ ಒಂದು ಉಂಗುರ ಇತ್ತು. ಈ ಕಡೆಯಿಂದ ನಾವು ತುಂಬುತ್ತಾ ಹೋಗ್ತೀವಿ, ಹಿಂದಿನಿಂದ ಕಾರ್ಡು ಖಾಲಿ ಮಾಡ್ತಾ ಬರತ್ತೆ. ಖಾಲಿ ಗೂಡು ಎಷ್ಟು ಅನ್ನುವ ಲೆಕ್ಕ ಒಂದು ವೇರಿಯಬಲ್‌ನಲ್ಲಿ. ತುಂಬಿದ್ದು, ಖಾಲಿ ಇದ್ದದ್ದು ಕೂಡಿಸಿದರೆ ಯಾವಾಗಲೂ 64 ಬರಬೇಕು. ಅವನು ಈ ಸಲ ಜಾಣನಾಗಿ, ಹೊಸ ವೇರಿಯಬಲ್ ಒಂದನ್ನೂ ಸೇರಿಸದೆ ಅಷ್ಟನ್ನು ಮಾತ್ರ ಪರೀಕ್ಷಿಸಿದ. ಬಗ್ ಮತ್ತೆ ಬಂತು, ಲೆಕ್ಕವೂ ಸಿಕ್ಕಿತು. ಒಮ್ಮೆ 63, ಒಮ್ಮೆ 65, ಆಮೇಲೆ 62. ಯಾರೋ ಆ ಎಣಿಕೆಯನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಕೊನೆಗೆ ಗೂಡುಗಳೆಲ್ಲ ಖಾಲಿ ಇದ್ದರೂ ಲೆಕ್ಕ ಸೊನ್ನೆ ತೋರಿಸಿ ಡ್ರೈವರ್ ಸುಮ್ಮನೆ ಕೂರುತ್ತಿತ್ತು.

ಕರ್ನಲ್ ಕಂಪೈಲ್ ಆದಾಗ ಸಿಸ್ಟಂ ಮ್ಯಾಪ್ ಅಂತ ಒಂದು ಕಡತ ಬರತ್ತೆ. ಯಾವ ವೇರಿಯಬಲ್ ಯಾವ ವಿಳಾಸದಲ್ಲಿದೆ ಅನ್ನುವ ಪಟ್ಟಿ. ಅದನ್ನು ತೆಗೆದು ನೋಡಿದರೆ ಅವನ ಎಣಿಕೆಗೆ ಅಂಟಿಕೊಂಡೇ ಪಕ್ಕದಲ್ಲಿ ಇನ್ನೊಂದು ಡ್ರೈವರಿನ ಬಫರ್ ಇತ್ತು. ಪೆಟ್ಟಿಗೆಯ ಉಷ್ಣತೆ ಅಳೆಯುವ ಚಿಪ್ಪಿನ ಡ್ರೈವರ್. ಹೊರಗಿನವರು ಬರೆದು ಕೊಟ್ಟಿದ್ದು. ಯಾರೂ ಅದರ ಮೇಲೆ ಅನುಮಾನ ಪಟ್ಟಿರಲಿಲ್ಲ, ಯಾಕಂದರೆ ಉಷ್ಣತೆ ಯಾವಾಗಲೂ ಸರಿಯಾಗಿಯೇ ಕಾಣುತ್ತಿತ್ತು!

ಪ್ರೊಸೆಸರ್ ಮೆಮೊರಿಯನ್ನು ಒಂದೊಂದೇ ಬೈಟಾಗಿ ತರೋದಿಲ್ಲ. ಆ ಬೋರ್ಡಿನಲ್ಲಿ 32 ಬೈಟ್‌ಗಳ ಒಂದೊಂದು ಸಾಲನ್ನೇ ಎತ್ತಿ ತನ್ನ ಹತ್ತಿರದ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು. ಇನ್ನು ಉಷ್ಣತೆಯ ಮಾಹಿತಿ ಪ್ರೊಸೆಸರ್ ಮೂಲಕ ಬರದೆ ಡಿಎಂಎ ಮೂಲಕ ಸೀದಾ ಮೆಮೊರಿಗೆ ಬಂದು ಬೀಳುತ್ತಿತ್ತು. ಹಾಗೆ ಬಂದಾಗ ಕ್ಯಾಶ್‌ನಲ್ಲಿರುವ ಹಳೇ ಸಾಲನ್ನು ಎಸೆದು, ಮೆಮೊರಿಯಿಂದ ಹೊಸದನ್ನು ತರಬೇಕು. ಎಸೆಯುವುದೂ ಇಡೀ ಸಾಲನ್ನೇ. ಅದೇ ಸಾಲಿನ ತುದಿಯಲ್ಲಿ ನಮ್ಮ ಹುಡುಗನ ಎಣಿಕೆ ಕೂತಿತ್ತು. ಅಷ್ಟರ ನಡುವೆ ಅದು ಬದಲಾಗಿದ್ದರೆ ಆ ಬದಲಾವಣೆಯೂ ಸಾಲಿನ ಜೊತೆಗೇ ಕಸದ ಬುಟ್ಟಿಗೆ. ಮೆಮೊರಿಯಲ್ಲಿದ್ದ ಹಳೇ ಎಣಿಕೆ ಮತ್ತೆ ಜೀವಂತ.

ಹೊಸ ವೇರಿಯಬಲ್ ಸೇರಿಸಿದಾಗ ಬಗ್ ಯಾಕೆ ಮಾಯ ಆಯಿತು ಅಂತ ಈಗ ಗೊತ್ತಾಯ್ತಲ್ಲ? ಅದು ನಡುವೆ ಬಂದು ಕೂತು ಎಣಿಕೆಯನ್ನು ಮುಂದಿನ ಸಾಲಿಗೆ ತಳ್ಳಿತ್ತು. ಅವತ್ತು ಹಾಗೇ ಕಳಿಸಿದ್ದರೆ, ಆ ಜಾಗಕ್ಕೆ ಬಂದ ಬೇರೆ ಯಾವುದೋ ವೇರಿಯಬಲ್ ಮುಂದೊಂದು ದಿನ ಗಿರಾಕಿಯ ಮನೆಯಲ್ಲಿ ಕೆಡುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಉಷ್ಣತೆ ಓದುವುದನ್ನು ನಿಲ್ಲಿಸಿ ಓಡಿಸಿದೆವು. ಮೂರು ದಿನ ಏನೂ ಆಗಲಿಲ್ಲ. ಸೆಕೆಂಡಿಗೆ ನೂರು ಸಲ ಓದುವ ಹಾಗೆ ಮಾಡಿದೆವು. ಹತ್ತೇ ನಿಮಿಷಕ್ಕೆ ನೆಟ್‌ವರ್ಕ್ ನಿಂತಿತು. ಆ ಹತ್ತು ನಿಮಿಷದಲ್ಲಿ ಆ ಹುಡುಗನ ಮುಖ ನೋಡಬೇಕಿತ್ತು ನೀವು. ನೆಟ್‌ವರ್ಕ್ ನಿಂತಿದ್ದಕ್ಕೆ ಅಷ್ಟು ಖುಷಿಪಟ್ಟವನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಸರಿಮಾಡಿದ್ದು ಮೂರೇ ಸಾಲು, ಅದೂ ಉಷ್ಣತೆಯ ಡ್ರೈವರಿನಲ್ಲಿ. ಬಫರನ್ನು ಹಾಗೆ ಸ್ಥಿರವಾಗಿ ಇಟ್ಟುಕೊಳ್ಳುವ ಬದಲು ಕರ್ನಲ್‌ನಿಂದ ಕೇಳಿ ಪಡೆದರೆ ಅದಕ್ಕೆ ಅದರದ್ದೇ ಪೂರ್ತಿ ಸಾಲು ಸಿಗತ್ತೆ. ಲಿನಕ್ಸ್ ಜೊತೆ ಬರುವ ಡಿಎಂಎ ಕೈಪಿಡಿಯಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ನೆಟ್‌ವರ್ಕ್ ಡ್ರೈವರಿನಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಹುಡುಗ ಖಾಯಂ ಆದ. ಬೆಳಗಿನ ಮೀಟಿಂಗಿನಲ್ಲಿ ಯಾರೂ ಕ್ಷಮೆ ಕೇಳಲಿಲ್ಲ. ಬಗ್ ಪಟ್ಟಿಯಲ್ಲಿ ಅದರ ಶೀರ್ಷಿಕೆ ಕೊನೆಯವರೆಗೂ "ನೆಟ್‌ವರ್ಕ್ ಡ್ರೈವರ್ ಸಮಸ್ಯೆ" ಅಂತಲೇ ಇತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ಗಾದೆ ಹೇಳ್ತೀವಿ. ಹಾಗೆ ಬರೆ ಎಳೆಯುವವರು ದಡ್ಡರು ಅಂತ ನಾನು ಅಂದುಕೊಂಡಿದ್ದೆ. ಈ ಎರಡು ಪ್ರಕರಣ ನೋಡಿದ ಮೇಲೆ ಹಾಗನ್ನಿಸೋದಿಲ್ಲ. ನರಳುತ್ತಿರುವುದು ಎಮ್ಮೆಯೇ ಆಗಿರುತ್ತದೆ, ಎತ್ತು ಮೇವು ತಿಂದುಕೊಂಡು ಆರಾಮಾಗಿ ಕಾಣುತ್ತಿರುತ್ತದೆ. ಬುದ್ಧಿವಂತರೂ ಎಮ್ಮೆಯನ್ನೇ ಹಿಡಿಯುತ್ತಾರೆ. ಮತ್ತೆ ನಾಲ್ಕು ಜನ ಕೂತು ಹುಡುಕಿದರೆ ಯಾರ ಕೋಡಿನಲ್ಲಿ ತಪ್ಪು ಸಿಗೋದಿಲ್ಲ ಹೇಳಿ? ಇ1000ಇಯಲ್ಲೂ ಸಿಕ್ಕಿತು, ಈ ಹುಡುಗನ ಕೋಡಿನಲ್ಲೂ ಸಿಕ್ಕಿತು. ಸಿಕ್ಕ ಸಣ್ಣ ತಪ್ಪು ದೊಡ್ಡ ತಪ್ಪಿಗೆ ಸಾಕ್ಷಿ ಆಗಿಬಿಡುತ್ತದೆ. ನನಗೆ ಭಯ ಆಗೋದು ಅದಕ್ಕೆ. ಕಾರ್ಡು ಸತ್ತರೆ ಹೊಸದು ಹಾಕಬಹುದು. "ತಪ್ಪು ನನ್ನದೇ ಇರಬೇಕು" ಅಂತ ಐದು ತಿಂಗಳ ಹುಡುಗ ನಂಬಿ ಊರಿಗೆ ಹೊರಟುಬಿಟ್ಟಿದ್ದರೆ ಅದನ್ನು ಯಾವ ಎತ್‌ಟೂಲಿನಿಂದ ಸರಿಮಾಡೋದು?

ಈಗ ನನ್ನ ಹತ್ತಿರ ಯಾರಾದರೂ ಬಗ್ ತಂದರೆ ಮೊದಲು ಕೇಳೋದು "ಯಾರು ಬರೆದದ್ದು?" ಅಂತ ಅಲ್ಲ, "ಪಕ್ಕದಲ್ಲಿ ಯಾರಿದಾರೆ?" ಅಂತ. ಹುಡುಗರು ನಗ್ತಾರೆ. ನಗಲಿ ಬಿಡಿ.

ನಿಮ್ಮ ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಬರೆ ತಿಂದ ಎಮ್ಮೆಗಳನ್ನು ನೀವೂ ನೋಡಿರುತ್ತೀರಿ. ಕೆಲವರಾದರೂ ನೀವೇ ಆ ಎಮ್ಮೆ ಆಗಿರಬಹುದು :-) ಬಿಡುವಾದಾಗ ಬರೆಯಿರಿ. ಓದೋಕೆ ಕಾಯ್ತಿರ್ತೀನಿ.